ಪಂಪಿಗೆ ಹದಿನೇಳು ಕಲಮು

೧೯೬೨ನೇ ಇಸವಿ ಮಾರ್ಚ್ ೧೨, ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಮದರಾಸಿನ ಮಾಂಬಲಂನಿಂದ ಪಲ್ಲಾವರಕ್ಕೆ ಹೋಗುವ ರೈಲಿನಲ್ಲಿ ಕುಳಿತು ನಾನು ಪಂಪಿನ ಪಟ್ಟಿಗೆ ಮೊದಲ ಗೆರೆ ಎಳೆದೆ. ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಪಟ್ಟಿ ಮಾಡುವುದು. ಚಿಕ್ಕಪ್ಪನ ಹೋಟೆಲಿನಲ್ಲಿ ಯಾವ ದಿನ ಯಾವ ಸಾಂಬಾರು ಎಂಬುದಕ್ಕೂ ನನ್ನಲ್ಲಿ ಲೆಕ್ಕವಿದೆ. "ನೀನ್ ಬರ್ದ್ ಮುಗ್ಸುವಷ್ಟೊತ್ತಿಗೆ ಸಾಂಬಾರ್ ತಣ್ಣಗಾತ್ತ್ ಮಾರಾಯ" ಎಂದು ಅವರು ಗೊಣಗುತ್ತಾರೆ. ನನ್ನನ್ನು ಹೇಗಾದರೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಬೇಕೆಂಬುದು ಅವರ ಬಹುಕಾಲದ ಆಸೆ.

ನಾನೋ ಕಲ್ಲುಕ್ವಾರಿಯ ಯಂತ್ರಗಳನ್ನು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ತರಬೇತಿಯ ಎಂಜಿನಿಯರ್. ತರಬೇತಿ ಜೂನಿಗೆ ಮುಗಿಯುವುದಿತ್ತು. ಕಲ್ಲು ಎತ್ತುವ ಲೋಡರಿನ ಹಳೆಯ ಪಂಪು ಸವೆದುಹೋದಾಗ ಹುಬ್ಬಳ್ಳಿ ಕಡೆಯ ನಮ್ಮ ಯಜಮಾನರು, "ಹೊಸಾ ಪಂಪ್ ನೀವ ಆರಿಸ್ರಿ. ಲೋಡರಿನ ತೋಳು ಎದ್ದರ ನಿಮ್ಮ ಕೆಲಸಾ ಕಾಯಂ" ಎಂದುಬಿಟ್ಟರು. ತೋಳು ಏಳದಿದ್ದರೆ ಏನೆಂದು ಅವರು ಹೇಳಲಿಲ್ಲ. ಪರದೇಶದಿಂದ ಲೈಸೆನ್ಸಿನ ಮೇಲೆ ಬರುವ ಪಂಪಿಗೆ ಮೂರು ತಿಂಗಳು ಕಾಯಬೇಕು. ಮೊದಲನೆಯದು ತಪ್ಪಿದರೆ ಎರಡನೆಯದು ಬರುವಷ್ಟರಲ್ಲಿ ನಾನು ಗಲ್ಲಾಪೆಟ್ಟಿಗೆಯ ಮುಂದಿರುತ್ತಿದ್ದೆ.

ನಾನು ಆರಿಸಿದ್ದು ವೇನ್ ಪಂಪು. ತಿರುಗುವ ಗುಂಡಿನ ಸೀಳುಗಳಲ್ಲಿ ತೆಳುವಾದ ಉಕ್ಕಿನ ಎಲೆಗಳಿರುತ್ತವೆ. ತಿರುಗಿದಂತೆ ಅವು ಹೊರಚಾಚಿ, ಸುತ್ತಲಿನ ಬಳೆಗೆ ಒತ್ತಿಕೊಂಡು ಎಣ್ಣೆಯನ್ನು ನೂಕುತ್ತವೆ. ಆ ಎಣ್ಣೆಯ ಒತ್ತಡಕ್ಕೇ ಲೋಡರಿನ ತೋಳು ಏಳುವುದು. ಸದ್ದು ಕಡಿಮೆ, ಹರಿವು ಸಮ. ಆದರೆ ಬಲು ಮಡಿ: ಎಣ್ಣೆಯಲ್ಲಿ ಕ್ವಾರಿಯ ಧೂಳು ಸೇರಕೂಡದು. ಕಾರ್ಖಾನೆಯೊಳಗಿನ ಉಕ್ಕು ಒತ್ತುವ ಪ್ರೆಸ್ಸಿಗಾದರೆ ಮೋಟಾರಿನ ವೇಗ ಒಂದೇ. ಲೋಡರಿನ ಎಂಜಿನ್ ಹಾಗಲ್ಲ; ತೀರಾ ನಿಧಾನವಾದರೆ ಎಲೆಗಳು ಚಾಚುವುದಿಲ್ಲ, ತೀರಾ ಜೋರಾದರೆ ಎಣ್ಣೆ ಒಳಗೆ ಬರಲು ಪುರುಸೊತ್ತಿಲ್ಲ. ಒತ್ತಡ, ಹರಿವು, ವೇಗ, ಎಣ್ಣೆಯ ಮಂದ, ಬೋಲ್ಟಿನ ತೂತು, ಹೀಗೆ ಹದಿನೇಳು ಕಲಮುಗಳಾದವು.

ಮದರಾಸಿನಲ್ಲೇ ಹುಟ್ಟಿ ಬೆಳೆದ ಹಿರಿಯ ಫಿಟರ್ ಕೃಷ್ಣಪ್ಪನವರು ಪಟ್ಟಿ ನೋಡಿ, "ಎಲ್ಲಾ ಸರಿ ತಂಬಿ. ಯಾವ ಪಕ್ಕ ಸುತ್ತತ್ತೆ ಅಂತ ನೋಡಿದ್ರಾ?" ಎಂದರು.

"ಆರನೇ ಕಲಮು. ಬಲಕ್ಕೆ."

"ಎಲ್ಲಿ ನಿಂತು ನೋಡಿದ್ರಿ?"

ಈ ಪ್ರಶ್ನೆಗೆ ನನ್ನ ಪಟ್ಟಿಯಲ್ಲಿ ಕಲಮು ಇರಲಿಲ್ಲ. ಆದ್ದರಿಂದ ಅದು ಪ್ರಶ್ನೆಯೇ ಅಲ್ಲವೆಂದು ಮುಗುಳ್ನಕ್ಕೆ.

ಜೂನ್ ೧೮, ಬೆಳಿಗ್ಗೆ ಹತ್ತೂಕಾಲು. ಪಂಪು ಕೂರಿಸಿ ಎಂಜಿನ್ ಹಚ್ಚಿದೆವು. ತೋಳು ಕದಲಲಿಲ್ಲ. "ನಿಲ್ಲಿಸಿ, ನಿಲ್ಲಿಸಿ!" ಎಂದು ಕೃಷ್ಣಪ್ಪ ಕೂಗಿದರು. ನಾನು ಎಂಜಿನ್ನಿಗೆ ಎದುರಾಗಿ ನಿಂತು ಬಲ ಎಂದು ಬರೆದಿದ್ದೆ. ಪಂಪು ತಯಾರಿಸುವವರು ಕೇಳುವುದು ಪಂಪನ್ನು ತಿರುಗಿಸುವ ದಂಡಕ್ಕೆ ಎದುರಾಗಿ ನಿಂತು. ಅಲ್ಲಿಂದ ಅದೇ ಸುತ್ತು ಎಡ; ಬಲಕ್ಕೆಂದು ತರಿಸಿದ ಪಂಪು ಉಲ್ಟಾ ತಿರುಗುತ್ತಿತ್ತು. ಯಜಮಾನರು ಬರುವುದು ಹನ್ನೆರಡಕ್ಕೆ. ನನ್ನ ಕಣ್ಣ ಮುಂದೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಚಿಕ್ಕಪ್ಪನ ನಗು.

"ಮೊಗ ಯಾಕೆ ಹಂಗ್ ಮಾಡ್ಕೊಂಡ್ರಿ ತಂಬಿ? ಇದ್ರಲ್ಲಿ ಬಳೆ ತಿರುಗ್ಸಿ ಹಾಕೋಕೆ ಆಗತ್ತೆ" ಎಂದು ಕೃಷ್ಣಪ್ಪ ಪಂಪು ಬಿಚ್ಚಿ, ಬಳೆಯನ್ನೂ ಎಲೆಗಳನ್ನೂ ಮಗುಚಿ ಕೂರಿಸಿದರು. ನಲವತ್ತೆರಡು ನಿಮಿಷ. ತೋಳು ಎದ್ದಿತು.

ಯಜಮಾನರು ಬಂದು ನೋಡಿ, "ಪಟ್ಟಿ ಭಾಳ ಚಲೋ ಮಾಡೀರಿ" ಎಂದು ನನ್ನ ಬೆನ್ನು ತಟ್ಟಿದರು. ಕೃಷ್ಣಪ್ಪ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದರು. ನಾನು ಬಾಯಿ ತೆರೆದೆ. ಬಂದದ್ದು "ಥ್ಯಾಂಕ್ಸ್ ಸಾರ್" ಮಾತ್ರ. ಕೆಲಸ ಕಾಯಮಾಯಿತು. ಅಂದು ಸಂಜೆ ಪಟ್ಟಿಗೆ ಹದಿನೆಂಟನೇ ಕಲಮು ಸೇರಿಸಿದೆ: ಕೃಷ್ಣಪ್ಪನವರನ್ನು ಕೇಳಿದ್ದು ಹೌದೇ, ಅಲ್ಲವೇ.

ಈಗಲೂ ಆ ಪಂಪು ಬೆಳಿಗ್ಗೆ ಮೊದಲ ಹತ್ತು ನಿಮಿಷ ಕೀರಲು ದನಿಯಲ್ಲಿ ಕೂಗುತ್ತದೆ. ಕಾರಣ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಯಾವ ಪಕ್ಕ ನಿಂತು ಕೇಳಬೇಕೆಂಬುದನ್ನೂ ಬರೆಯಿರಿ.