ಹದಿನೇಳನೇ ರೂಮಿನ ಅತ್ತೆ

ಕಷ್ಟವನ್ನು ಮನೆಯವರಿಂದ ಮುಚ್ಚಿಡುವವರನ್ನು ಎಲ್ಲರೂ ಹೊಗಳುತ್ತಾರೆ. ಸುಖವನ್ನು ಮುಚ್ಚಿಡುವವರ ಪಾಡು ಮಾತ್ರ ಯಾರಿಗೂ ಗೊತ್ತಿಲ್ಲ. ಅದು ಬಹಳ ಪ್ರಯಾಸದ ಕೆಲಸ. ಕಷ್ಟವಿದ್ದಾಗ ಮುಖಕ್ಕೆ ಒಂದಿಷ್ಟು ನಗು ತಂದುಕೊಂಡರೆ ಆಯಿತು. ಸುಖವಾಗಿರುವಾಗ ದನಿ ಇಳಿಸಬೇಕು, ನಡುನಡುವೆ ನಿಟ್ಟುಸಿರು ಬಿಡಬೇಕು, ಫೋನಿನಲ್ಲಿ ಊಟ ಆಯಿತೇ ಎಂದು ಕೇಳಿದರೆ ತಕ್ಷಣ ಹೇಳಿಬಿಡದೆ ಸ್ವಲ್ಪ ತಡೆದು "ಹೂಂ, ಏನೋ ಆಯ್ತು" ಅನ್ನಬೇಕು. ಮಂಡ್ಯದ ವಿಶ್ವವಿದ್ಯಾಲಯದಲ್ಲಿ ಎಂ.ಎ.ಗೆ ಸೇರಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಉಳಿದ ದಿನದಿಂದ ನಾನು ಇದನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದೆ. ನನಗೆ ಆಗ ಮೂವತ್ತೊಂಬತ್ತು ವರ್ಷ.

ನಮ್ಮದು ಮಳವಳ್ಳಿಯ ಕಡೆ ಒಂದು ಹಳ್ಳಿ. ಪಿಯುಸಿ ಮುಗಿದ ಕೂಡಲೇ ಮದುವೆಯಾಗಿ ಬಂದವಳು, ಮಗಳು ಹೈಸ್ಕೂಲಿಗೆ ಹೋಗುವಾಗ ನಾನು ಮನೆಯಲ್ಲೇ ಕುಳಿತು ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದೆ. ಪಾಸಾದೆ. ಅಷ್ಟಕ್ಕೆ ಸುಮ್ಮನಿರದೆ ಎಂ.ಎ.ಗೂ ಅರ್ಜಿ ಹಾಕಿದೆ, ಸೀಟೂ ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು. ನಮ್ಮ ಯಜಮಾನರು ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ, ಸಾಧು ಮನುಷ್ಯ, ಹೋಗು ಅಂದರು. ಅತ್ತೆ ಮಾತ್ರ ಮೂರನೇ ದಿನ ಹಸುವಿಗೆ ಹುಲ್ಲು ಹಾಕುತ್ತಾ, ನನಗೆ ಕೇಳಿಸಲಿ ಎಂದೇ ಹಸುವಿಗೆ ಹೇಳಿದರು: "ಮಗಳು ಮನೆಯಿಂದ ಕಾಲೇಜ್ಗೆ ಓಯ್ತಾಳೆ, ಅವ್ವ ಆಸ್ಟೆಲ್ಗೆ ಓಯ್ತಾಳಂತೆ. ಕೇಳ್ದೇನೆ?" ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಗಳು ದಿನಾ ಭಾರತೀನಗರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಟ್ರಂಕು ಹಿಡಿದು ಮನೆ ಬಿಟ್ಟವಳು ನಾನು.

ಹಾಸ್ಟೆಲಿಗೆ ಬಂದ ಮೊದಲ ದಿನ ಅಭ್ಯಾಸಬಲದಿಂದ ಬೆಳಿಗ್ಗೆ ಐದಕ್ಕೇ ಎದ್ದು ಕುಳಿತೆ. ಮಾಡಲು ಏನೂ ಇರಲಿಲ್ಲ. ಬಾಗಿಲಿಗೆ ನೀರು ಹಾಕುವ ಹಾಗಿಲ್ಲ, ಹಾಲು ಕರೆಯುವ ಹಾಗಿಲ್ಲ, ಯಾರ ಡಬ್ಬಿಗೂ ಪಲ್ಯ ಮಾಡುವ ಹಾಗಿಲ್ಲ. ಏನೋ ಮರೆತಿದ್ದೇನೆ ಎಂದು ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಎರಡನೇ ವಾರಕ್ಕೆ ಏಳೂವರೆಗೆ ಏಳತೊಡಗಿದೆ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತರೆ ಯಾರೋ ಉಪ್ಪಿಟ್ಟು ಹಾಕುತ್ತಿದ್ದರು. ತಿಂದು ತಟ್ಟೆ ತೊಳೆದಿಟ್ಟರೆ ಮುಗಿಯಿತು. ಅದೂ ಒಂದೇ ತಟ್ಟೆ, ನನ್ನದು. ಹದಿನೇಳನೇ ರೂಮಿನಲ್ಲಿ ನನ್ನ ಜೊತೆಗಿದ್ದವಳು ಕೆರಗೋಡಿನ ಚೈತ್ರ, ಇಪ್ಪತ್ತೆರಡರ ಹುಡುಗಿ. ಅವಳು ಮೆಸ್ಸಿನ ಸಾಂಬಾರನ್ನು ದಿನಾ ಬೈಯುತ್ತಿದ್ದಳು. ನಾನು ಮಾತ್ರ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ನಾನೇ ಮಾಡಿದ ಸಾರು ಉಂಡವಳಿಗೆ, ನಾನು ಮಾಡದೆ ಇರುವ ಯಾವ ಸಾರೂ ರುಚಿಯೇ.

ಇದನ್ನೆಲ್ಲ ಮನೆಯಲ್ಲಿ ಹೇಳಲು ಬರುತ್ತದೆಯೇ? ಅವರು ಅಲ್ಲಿ ನನ್ನ ಕೆಲಸಗಳನ್ನು ಹಂಚಿಕೊಂಡು ಒದ್ದಾಡುತ್ತಿದ್ದರು. ಹಾಗಾಗಿ ಮಂಚ ಕಲ್ಲಿನಂತಿದೆ ಅಂದೆ. ಸಾಂಬಾರಿನಲ್ಲಿ ಬೇಳೆ ಹುಡುಕಬೇಕು ಅಂದೆ. ಸ್ನಾನದ ನೀರಿಗೆ ಅರ್ಧ ಗಂಟೆ ಸಾಲು ಅಂದೆ. ಊರಿಗೆ ಹೋಗುವ ಶನಿವಾರಗಳಲ್ಲಿ ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗಲೇ ಮುಖವನ್ನು ಬಾಡಿಸಿಕೊಳ್ಳಲು ಶುರುಮಾಡುತ್ತಿದ್ದೆ. ಯಜಮಾನರು ಮರುಗುತ್ತಿದ್ದರು. ಅತ್ತೆ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊಟ ಸರಿಯಿಲ್ದೆ ಇದ್ರೂ ಮೈ ಕೈ ತುಂಬ್ಕಂಡಿದ್ದೀಯ" ಅಂದು ಒಳಗೆ ಹೋಗುತ್ತಿದ್ದರು.

ಅದೇ ಅತ್ತೆಯ ಬಲಗಣ್ಣಿಗೆ ಪೊರೆ ಬಂತು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ಹೊಗೆ ಧೂಳು ಕೂಡದು, ಬಸ್ಸಿನಲ್ಲಿ ಕುಲುಕಾಡಬಾರದು, ಬಗ್ಗಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸ್ ಹಾಕಬೇಕು, ಒಂದು ವಾರ ಬಿಟ್ಟು ಮತ್ತೆ ತೋರಿಸಬೇಕು ಅಂದರು. ನಮ್ಮ ಮನೆಯ ಮಗ್ಗುಲಲ್ಲೇ ಆಲೆಮನೆ. ಬೆಲ್ಲದ ಕಾಲದಲ್ಲಿ ಹೊಗೆ ನೇರ ಪಡಸಾಲೆಗೆ ಬರುತ್ತದೆ. ಅದಕ್ಕೇ ಹೊಳಲಿನಲ್ಲಿರುವ ಯಜಮಾನರ ಚಿಕ್ಕಮ್ಮನ ಮನೆಯಲ್ಲಿ ಬಿಡುವುದು ಎಂದು ಮಾತಾಗಿತ್ತು. ಆಟೋದಲ್ಲಿ ಅಲ್ಲಿಗೆ ಹೋದರೆ ಚಿಕ್ಕಮ್ಮ ಮನೆಯ ಗೋಡೆ ಒಡೆಸುತ್ತಾ ಇದ್ದರು. ಸಿಮೆಂಟಿನ ಧೂಳಿನಲ್ಲಿ ಅವರ ಮುಖವೇ ಕಾಣುತ್ತಿರಲಿಲ್ಲ. ಯಜಮಾನರು ಡೈರಿಗೆ ಹಿಂದಿರುಗಬೇಕಿತ್ತು. ನನ್ನ ಮುಖ ನೋಡಿದರು. ಅತ್ತೆಯೂ ಕಪ್ಪು ಕನ್ನಡಕದ ಒಳಗಿಂದ ನನ್ನ ಮುಖವನ್ನೇ ನೋಡಿರಬೇಕು.

ಹಾಸ್ಟೆಲಿನಲ್ಲಿ ಹೊರಗಿನವರು ಸಂಜೆ ಆರರ ಮೇಲೆ ಇರುವಂತಿಲ್ಲ. ಹಿಂದಿನ ವರ್ಷ ತಂಗಿಯನ್ನು ಎರಡು ದಿನ ಇಟ್ಟುಕೊಂಡ ಹುಡುಗಿಯೊಬ್ಬಳ ಸೀಟೇ ಹೋಗಿತ್ತೆಂದು ಎಲ್ಲರೂ ಹೇಳುತ್ತಿದ್ದರು. ವಾರ್ಡನ್ ಗಿರಿಜಾ ಮೇಡಂ ನನಗಿಂತ ನಾಲ್ಕು ವರ್ಷ ಚಿಕ್ಕವರು, ಆದರೂ ಅವರ ಚಪ್ಪಲಿ ಸದ್ದು ಕೇಳಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಹೋಗಿ ಅನುಮತಿ ಕೇಳಬಹುದಿತ್ತು. ಇಲ್ಲ ಅಂದುಬಿಟ್ಟರೆ ಏನು ಮಾಡುವುದು ಎಂದು ಕೇಳದೇ ಉಳಿದೆ. ಮಧ್ಯಾಹ್ನ ಮೂರಕ್ಕೆ, ನನ್ನನ್ನು ನೋಡಲು ಬಂದವರೆಂದು ರಿಜಿಸ್ಟರಿನಲ್ಲಿ ಬರೆದು ಅತ್ತೆಯನ್ನು ಒಳಗೆ ಕರೆದುಕೊಂಡು ಹೋದೆ. ಆರಕ್ಕೆ ಚೈತ್ರ ಅತ್ತೆಯ ಹಾಗೆ ಕಾಣಲು ನನ್ನ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಗೇಟು ದಾಟಿ ಹೋದಳು. ಹತ್ತು ನಿಮಿಷ ಬಿಟ್ಟು ಚೂಡಿದಾರ ಹಾಕಿಕೊಂಡು ಒಳಗೆ ಬಂದಳು. ಈಚಿನ ಹುಡುಗಿಯರ ಬುದ್ಧಿವಂತಿಕೆಯನ್ನು ನಾನು ಅವತ್ತಿನಿಂದ ಅನುಮಾನಿಸಿಲ್ಲ.

ನನಗೆ ವಾರ್ಡನ್ನರ ಭಯ ಒಂದು ಕಡೆಯಾದರೆ ಅತ್ತೆಯ ಭಯ ಇನ್ನೊಂದು ಕಡೆ. ಹಾಸಿಗೆಯ ಮೇಲೆ ಕೂತ ಕೂಡಲೇ ಅವರು ಅಂಗೈಯಿಂದ ಒತ್ತಿ ನೋಡಿದರು. ಮೆತ್ತಗಿತ್ತು. ಊಟ ತಂದುಕೊಟ್ಟೆ. ಸಾಂಬಾರಿಗೆ ಬೆರಳು ಅದ್ದಿ, ಬೇಳೆ ಗಟ್ಟಿಯಾಗಿರುವುದನ್ನು ಮುಟ್ಟಿ ನೋಡಿದರು. ಬೆಳಿಗ್ಗೆ ಐದಕ್ಕೆ ಎದ್ದು ಕೂತು, ನಾನು ಏಳುವುದನ್ನೇ ಎರಡೂವರೆ ಗಂಟೆ ಕಾದರಂತೆ. ನಾನು ಎದ್ದಾಗ ಚೈತ್ರ ಅವರಿಗೆ ಕಾಫಿ ಕೊಟ್ಟು, ಕಣ್ಣಿಗೆ ಡ್ರಾಪ್ಸ್ ಹಾಕಿ, ಊರ ಸಮಾಚಾರವನ್ನೆಲ್ಲ ಕೇಳಿಕೊಂಡಾಗಿತ್ತು. ನನ್ನ ಓದಿನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಎರಡನೇ ದಿನ ಊಟ ಮಾಡುತ್ತಾ ತುತ್ತು ಕೈಯಲ್ಲೇ ಹಿಡಿದು ಅತ್ತೆ ಸುಮ್ಮನೆ ಕೂತರು. ಮುದ್ದೆಯಲ್ಲಿ ಗಂಟಿದೆಯೇನೋ ಎಂದು ಕೇಳಿದೆ.

"ಮುದ್ದೆ ಸರ್ಯಾಗೈತೆ," ಅಂದರು. "ನಾನು ಮದ್ವೆಯಾಗಿ ಬಂದ್ಮೇಲೆ ಇನ್ನೊಬ್ರು ಬಡಿಸಿ ಉಂಡಿದ್ದು ಮದ್ವೆ ಮನೇಲಿ, ತಿಥಿ ಮನೇಲಿ ಅಷ್ಟೇಯ. ಅಲ್ಲೂ ಬೇಗ ಏಳ್ಬೇಕು, ಇಂದುಗಡೆ ಜನ ನಿಂತಿರ್ತಾರೆ. ಇಲ್ಲಿ ಯಾರೂ ನಿಂತಿಲ್ಲ ನೋಡು."

ಆಮೇಲೆ ನಿಧಾನವಾಗಿ ಉಂಡರು. ಅವರು ಅಷ್ಟು ನಿಧಾನವಾಗಿ ಉಣ್ಣುವುದನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ನೋಡಿರಲಿಲ್ಲ ಅನ್ನುವುದಕ್ಕಿಂತ ಗಮನಿಸಿರಲಿಲ್ಲ ಅನ್ನುವುದು ಸರಿ. ನನ್ನ ಕಷ್ಟಗಳ ಪಟ್ಟಿ ಮಾಡುವುದರಲ್ಲಿ ನಾನೇ ಮುಳುಗಿದ್ದೆ. ಆ ಮನೆಯಲ್ಲಿ ನನಗಿಂತ ಮೊದಲೇ ಐದಕ್ಕೆ ಏಳುತ್ತಿದ್ದ ಇನ್ನೊಬ್ಬರಿದ್ದರು.

ಅಂದು ಸಂಜೆ ಯಜಮಾನರ ಫೋನು ಬಂತು. ಅತ್ತೆ ಮಂಚದ ಮೇಲೆ ಗೋಡೆಗೊರಗಿ ಕಾಲು ಚಾಚಿ, ಚೈತ್ರ ಕೊಟ್ಟ ಚಕ್ಕುಲಿ ತಿನ್ನುತ್ತಿದ್ದರು. ಫೋನು ಕಿವಿಗೆ ಹಿಡಿದ ಕೂಡಲೇ ಅವರ ದನಿ ಇಳಿಯಿತು. "ಏನೋ ಐತೆ ಕಣಪ್ಪ," ಅಂದರು. "ಮಂಚ ಕಲ್ಲಿದ್ದಂಗೈತೆ. ನಾನೇನೋ ನಾಕು ದಿನ ತಡ್ಕಬೋದು, ಪಾಪ ಈ ಮಗ ಎಂಗಿದ್ದಾಳೋ." ಒಂದು ನಿಟ್ಟುಸಿರನ್ನೂ ಬಿಟ್ಟರು. ನಾನು ವರ್ಷವೆಲ್ಲ ಅಭ್ಯಾಸ ಮಾಡಿಯೂ ಅಂಥದ್ದು ನನಗೆ ಬಂದಿರಲಿಲ್ಲ. ಫೋನು ಇಟ್ಟ ಮೇಲೆ ನನ್ನ ಕಡೆ ತಿರುಗಿಯೂ ನೋಡದೆ ಇನ್ನೊಂದು ಚಕ್ಕುಲಿ ಇದೆಯೇ ಎಂದು ಕೇಳಿದರು.

ಮೂರನೇ ದಿನ ಬೆಳಿಗ್ಗೆ ನಾನು ಕ್ಲಾಸಿಗೆ ಹೋಗಿದ್ದೆ. ರೂಮು ಬಿಟ್ಟು ಹೊರಬರಬೇಡಿ ಎಂದು ಹತ್ತು ಸಲ ಹೇಳಿದ್ದೆ. ಒಳಗೆ ಕೂತು ಬೇಸರವಾಗಿ ಅತ್ತೆ ಕುರ್ಚಿ ಎಳೆದುಕೊಂಡು ಹೊರಗಿನ ಓಣಿಯಲ್ಲಿ ಬಿಸಿಲಿಗೆ ಕೂತರು. ಗಿರಿಜಾ ಮೇಡಂ ರೌಂಡ್ಸಿಗೆ ಬಂದರು. ಅತ್ತೆಗೆ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಮಸುಕು. ಸೀರೆಯುಟ್ಟ ಹೆಂಗಸು ಎಂದಷ್ಟೇ ಕಂಡಿತು. ಅತ್ತೆ ಅವರನ್ನು ಯಾರದೋ ತಾಯಿ ಎಂದುಕೊಂಡು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಯಾವ ರೂಮಿನಲ್ಲಿರುವ ಮಗಳನ್ನು ನೋಡಲು ಬಂದೆಯವ್ವ ಎಂದು ವಿಚಾರಿಸಿದರು. ಆಪರೇಷನ್ನಿನ ಕಥೆ, ಹೊಳಲಿನ ಸಿಮೆಂಟಿನ ಕಥೆ, ಚೈತ್ರ ಸೆರಗು ಹೊದ್ದು ಗೇಟು ದಾಟಿದ ಕಥೆ, ಎಲ್ಲವನ್ನೂ ಹೇಳಿದರು. ಕೊನೆಗೆ ಅವರ ಮೊಣಕೈ ಹಿಡಿದು, "ನಾನಿಲ್ಲಿರೋದು ಯಾರ್ಗೂ ಗೊತ್ತಿಲ್ಲ ಕಣವ್ವ. ಇಲ್ಲೊಬ್ಳು ವಾರ್ಡನ್ನಮ್ಮ ಅವ್ಳಂತೆ, ಬಲು ಬಿಗಿಯಂತೆ. ನೀನೂ ಉಸಾರಾಗಿರು," ಅಂದರಂತೆ.

ಮಧ್ಯಾಹ್ನ ನನಗೆ ಆಫೀಸಿನಿಂದ ಕರೆ ಬಂತು. ಹೋಗುವಾಗ ಟ್ರಂಕಿನಲ್ಲಿ ಏನೇನು ತುಂಬಬೇಕು ಎಂದು ಲೆಕ್ಕ ಹಾಕುತ್ತಲೇ ಹೋದೆ. ಮೇಡಂ ತಲೆಯೆತ್ತದೆ ಹೇಳಿದರು: "ನಿಮ್ಮತ್ತೆ ನನಗೆ ಹುಷಾರಾಗಿರೋಕೆ ಹೇಳಿದ್ದಾರೆ." ನನಗೆ ಅಳು ಬಂತು. ಮೂವತ್ತೊಂಬತ್ತು ವರ್ಷದವಳು, ಮದುವೆಗೆ ಬಂದ ಮಗಳಿರುವವಳು, ಕೈಕಟ್ಟಿ ನಿಂತು ಮೂಗು ಒರೆಸಿಕೊಂಡೆ. ತಪ್ಪಾಯಿತು, ಇವತ್ತೇ ಕಳಿಸುತ್ತೇನೆ, ಸೀಟು ಮಾತ್ರ ತೆಗೆಯಬೇಡಿ ಅಂದೆ. ಎಲ್ಲಿಗೆ ಕಳಿಸುತ್ತೀರಿ ಎಂದು ಕೇಳಿದರು. ಅವರು ನಿಯಮಗಳ ಪುಸ್ತಕ ತೆಗೆದು ಬಹಳ ಹೊತ್ತು ಹಾಳೆ ತಿರುವಿದರು. ಕಾಯಿಲೆ ಬಿದ್ದ ವಿದ್ಯಾರ್ಥಿನಿಯ ಆರೈಕೆಗೆ ಮನೆಯ ಹಿರಿಯ ಹೆಂಗಸೊಬ್ಬರು ಐದು ದಿನ ಇರಬಹುದು ಎಂದು ಒಂದು ಕಡೆ ಇತ್ತು.

"ನಿಮಗೆ ಮೈ ಹುಷಾರಿಲ್ಲ ಅಲ್ವಾ?" ಅಂದರು.

ಇಲ್ಲ ಮೇಡಂ, ಚೆನ್ನಾಗಿದ್ದೇನೆ ಅಂದೆ. ಅವರು ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಇನ್ನೊಂದು ಸಲ ಕೇಳಿದರು. ಮೂರನೇ ಸಲ ಕೇಳಿಸಿಕೊಳ್ಳುವಷ್ಟು ದಡ್ಡಿ ನಾನಲ್ಲ. ಜ್ವರ ಇದೆ ಮೇಡಂ ಅಂದೆ.

ಹೀಗೆ ನಾನು ಆಫೀಸಿನ ಪಕ್ಕದ ರೋಗಿಗಳ ಕೋಣೆಯಲ್ಲಿ ಮಲಗಿದೆ. ಒಂದು ಮಂಚದಲ್ಲಿ ರೋಗಿಯಾದ ನಾನು. ಇನ್ನೊಂದರಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನನ್ನನ್ನು ನೋಡಿಕೊಳ್ಳಲು ಬಂದ ಅತ್ತೆ. ಮೆಸ್ಸಿಗೆ ಚೀಟಿ ಹೋಯಿತು: ರೋಗಿಗೆ ಗಂಜಿ, ಜೊತೆಗಿರುವವರಿಗೆ ಊಟ. ಅದರ ಮಾರನೇ ದಿನ ಭಾನುವಾರ. ಅತ್ತೆಗೆ ಮುದ್ದೆ, ಕೋಳಿ ಸಾರು ಬಂತು. ನನಗೆ ಉಪ್ಪಿನಕಾಯಿಯೂ ಇಲ್ಲದ ಗಂಜಿ ಬಂತು. ಒಂದು ತುಂಡು ಕೊಡಿ ಎಂದು ಮೆಲ್ಲಗೆ ಕೇಳಿದೆ. "ಕಾಯ್ಲೆ ಮನ್ಸರು ಕೋಳಿ ತಿನ್ಬಾರ್ದು, ಮೇಡಮ್ಮ ನೋಡುದ್ರೆ?" ಅಂದು ತಟ್ಟೆಯನ್ನು ಆಚೆ ಕಡೆಗೆ ತಿರುಗಿಸಿಕೊಂಡರು. ಮಲಗಿದಲ್ಲೇ ಸೆಮಿನಾರಿಗೆ ಬರೆದದ್ದನ್ನು ಜೋರಾಗಿ ಓದಿದೆ. ನನ್ನ ವಿಷಯ ರಾಗಿ ಬೀಸುವ ಪದಗಳು. ಅತ್ತೆ ಕೇಳಿ, ಇದನ್ನು ಓದಲು ಇಷ್ಟು ದೂರ ಬರಬೇಕಿತ್ತೇ, ಬೀಸುವ ಕಲ್ಲು ಹಿತ್ತಿಲಲ್ಲೇ ಬಿದ್ದಿದೆಯಲ್ಲ ಅಂದರು. ಹಾಗಂದವರು, ಮೆಲ್ಲಗೆ ಒಂದು ಪದ ಹಾಡಿದರು. ಇನ್ನೊಂದು ಹಾಡಿದರು. ನಾನು ಬರೆದುಕೊಳ್ಳುತ್ತಾ ಹೋದೆ. ಗಿರಿಜಾ ಮೇಡಂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಇದರ ಮೇಲೆ ಪಿಎಚ್.ಡಿ.ಯನ್ನೇ ಮಾಡಬಹುದು ಅಂದು ಹೋದರು.

ವಾರ ತುಂಬಿದ ದಿನ ಡಾಕ್ಟರು ಕಣ್ಣು ನೋಡಿ ಚೆನ್ನಾಗಿ ಕೂಡಿಕೊಂಡಿದೆ ಅಂದರು. ಆಲೆಮನೆಯ ಗಾಣವೂ ಅಷ್ಟರಲ್ಲಿ ನಿಂತಿತ್ತು. ಯಜಮಾನರು ಕರೆದೊಯ್ಯಲು ಬಂದರು. ಇಬ್ಬರೂ ಎಷ್ಟು ನೊಂದಿದ್ದೀರೋ ಎಂಬಂತೆ ನಮ್ಮನ್ನು ನೋಡಿದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅವರು ನೀರಿನ ಬಾಟಲಿ ತರಲು ಇಳಿದಾಗ, ಕಿಟಕಿಯ ಪಕ್ಕ ಕೂತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದರು.

"ಆ ಮೇಡಮ್ಮ ಅದೇನೋ ಪಿಯೆಚ್ಡಿ ಅಂದ್ರಲ್ಲ, ಅದೆಷ್ಟು ವರ್ಸ?"

"ನಾಲ್ಕೈದು ವರ್ಷ ಹಿಡಿಯುತ್ತೆ ಅತ್ತೆ. ಈ ವಯಸ್ಸಲ್ಲಿ ನನಗ್ಯಾಕೆ ಅದು?"

"ಅದಕ್ಕೂ ಆಸ್ಟೆಲ್ ಕೊಟ್ಟಾರಾ?"

ಕೊಡುತ್ತಾರೆ ಅಂದೆ.

"ಅಂಗಾರೆ ಸೇರ್ಕೊ," ಅಂದರು. "ಎಡಗಣ್ಣಲ್ಲೂ ಪೊರೆ ಬತ್ತಾ ಐತಂತೆ. ಡಾಕ್ಟ್ರು ಇನ್ನೆರಡು ವರ್ಸಕ್ಕೆ ಆಪ್ರೇಸನ್ ಅಂದವ್ರೆ."

ಬಸ್ಸು ಹೊರಟಿತು. ಎಂ.ಎ. ಮುಗಿದ ಕೂಡಲೇ ಮನೆಗೆ ಹೋಗಿ ತೆಪ್ಪಗಿರುವುದು ಎಂದು ಅದುವರೆಗೆ ನಾನು ಅಂದುಕೊಂಡಿದ್ದೆ. ಮೊನ್ನೆ ಪಿಎಚ್.ಡಿ. ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬಿದೆ. ಸಂಶೋಧನೆ ಕೈಗೊಳ್ಳಲು ಕಾರಣವೇನು ಎಂದು ಅದರಲ್ಲಿ ಒಂದು ಪ್ರಶ್ನೆ ಇತ್ತು, ಕೆಳಗೆ ಆರು ಗೆರೆ ಜಾಗ ಬಿಟ್ಟಿದ್ದರು. ಜನಪದ ಸಾಹಿತ್ಯದ ಉಳಿವು, ಹೆಣ್ಣುಮಕ್ಕಳ ಹಾಡುಗಳ ಮಹತ್ವ ಎಂದು ಆರೂ ಗೆರೆ ತುಂಬ ಬರೆದೆ. ಅತ್ತೆಯ ಎಡಗಣ್ಣಿನ ವಿಷಯ ಬರೆಯಲಿಲ್ಲ. ನನ್ನ ಏಳೂವರೆಯ ನಿದ್ದೆಯ ವಿಷಯವಂತೂ ಬರೆಯುವ ಹಾಗೇ ಇರಲಿಲ್ಲ.