ಗದಗಿನ ಮಯೂರಸಮರ

ಆರುನೂರಾ ನಲವತ್ತು ಕಿಲೋಬೈಟುಗಳ ಮೆಮೊರಿಯನ್ನೇ ಮಹಾಸಾಗರವೆಂದು ಭುವನವೆಲ್ಲ ನಂಬಿದ್ದ, ಕಂಪ್ಯೂಟರಿನ ಮುಂದೆ ಚಪ್ಪಲಿ ಕಳಚಿ ಕೈಮುಗಿದು ಕೂರುತ್ತಿದ್ದ ಆ ಪುಣ್ಯಯುಗವನ್ನು ನೆನೆದು, ಗದಗಿನ ಟೈಪಿಂಗ್ ಶಾಲೆಯೊಂದರಲ್ಲಿ ಕೀಲಿಮಣೆಯನ್ನೇ ಕೋದಂಡವಾಗಿ ಹಿಡಿದ ರಣಧೀರ ಕಲ್ಮೇಶ ಹುಯಿಲಗೋಳನ ಕಥೆಗೆ ಸಹೃದಯರು ಕಿವಿಗೊಡುವುದು.

ಅಂದು ಶಾಲೆಯ ಧಣಿ ಅಂದಾನೆಪ್ಪನವರು ಚಿತ್ತೈಸುವವರಿದ್ದರು. ಕಲ್ಮೇಶನು ಬೇರೊಂದು ಕಂಪ್ಯೂಟರಿನಲ್ಲಿ ಬರೆದು ಫ್ಲಾಪಿಯಲ್ಲಿ ತಂದ ನವಿಲಿನ ಚಿತ್ರ ತೆರೆಯ ಮೇಲೆ ಗರಿಬಿಚ್ಚಿದರೆ ಶಾಲೆಯಲ್ಲಿ ಕಂಪ್ಯೂಟರ್ ತರಗತಿ, ಅದಕ್ಕೆ ಕಲ್ಮೇಶನೇ ಗುರು. ಬಿಚ್ಚದಿದ್ದರೆ ಯಂತ್ರ ಬಂದ ದಾರಿಯಲ್ಲೇ ವಾಪಸು. ಆ ವೀರನು ಎಂಟರ್ ಎಂಬ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಲು, ತೆರೆಯು ನಿರ್ದಾಕ್ಷಿಣ್ಯವಾಗಿ ಘೋಷಿಸಿತು: ಮೆಮೊರಿ ಸಾಲದು!

ಸ್ಮೃತಿದುರ್ಗವನ್ನೆಲ್ಲ ಶೋಧಿಸಿದವನಿಗೆ ಶತ್ರು ಕಂಡಿತು: ತೆರೆಯ ಮೂಲೆಯಲ್ಲಿ ಮಿನುಗುವ ಪುಟಾಣಿ ಗಡಿಯಾರ. ಬೇರೆ ಕೆಲಸ ನಡೆದಾಗಲೂ ಮೆಮೊರಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುವ ಆ ಪ್ರೋಗ್ರಾಮನ್ನು ಪತ್ರಿಕೆಯೊಂದನ್ನು ನೋಡಿ ಸಾಲುಸಾಲಾಗಿ ಟೈಪಿಸಿ ಪ್ರತಿಷ್ಠಾಪಿಸಿದವರು ಹಿರಿಯ ಶಿಕ್ಷಕಿ, ಟೈಪ್‌ರೈಟರ್‌ಕುಲಸಾಮ್ರಾಜ್ಞಿ ಸುಲೋಚನಾಬಾಯಿ.

“ಅಕ್ಕಾರ, ನಿಮ್ಮ ಗಡಿಯಾರ ತಗೀಬೇಕ್ರಿ. ನವಿಲಿಗೆ ಜಾಗಾ ಸಾಲವಲ್ದು.”

“ನಿನ್ನ ನವಿಲು ಹೊರಗ ನಿಂದರ್ಲಿ. ಈ ಡಬ್ಬಿಯೊಳಗ ನನ್ನ ಮಾತು ಕೇಳೋದು ಅದೊಂದ.”

ಸಿಂಹನಾದಗೈದನು ಕಲ್ಮೇಶ: “ಬಣ್ಣಬಣ್ಣದ ಗರಿ ಕುಣಿಸ್ತೀನ್ರಿ! ಗದಗ ಏನು, ಹುಬ್ಬಳ್ಳಿ ಮಂದಿನೂ ಬಾಯಿ ತಕ್ಕೊಂಡು ನೋಡಬೇಕು!”

“ಮಂದಿ ಬಾಯಿ ತಗದ್ರ ನನಗೇನು?”

ವೀರರಸವು ಬತ್ತಿತು. ತಗ್ಗಿದ ದನಿಯಲ್ಲಿ ಅವನೆಂದನು: “ಇದು ಕೈತಪ್ಪಿದ್ರ ಮತ್ತ ಅಣ್ಣನ ಅಂಗಡ್ಯಾಗ ಜೀರಿಗಿ ತೂಗಬೇಕ್ರಿ ನಾ.”

ಸುಲೋಚನಾಬಾಯಿಯವರು ತಮ್ಮ ಗಡಿಯಾರವನ್ನು ಕ್ಷಣಕಾಲ ದಿಟ್ಟಿಸಿದರು. ಆಮೇಲೆ ತಾವೇ ಮೂರು ಕೀಲಿಗಳನ್ನು ಒಟ್ಟಿಗೆ ಅದುಮಿ ಯಂತ್ರವನ್ನು ಹೊಸದಾಗಿ ಎಬ್ಬಿಸಿದರು. ಮೆಮೊರಿಯೆಲ್ಲ ತೊಳೆದುಹೋಗಿ ಗಡಿಯಾರವು ಅಸ್ತಂಗತವಾಯಿತು.

ಧಣಿಗಳ ಪಾದಾರ್ಪಣವೂ ಮಯೂರೋದಯವೂ ಏಕಕಾಲಕ್ಕೆ ಸಂಭವಿಸಿದವು. ಆದರೆ ಅಯ್ಯೋ! ಚಿತ್ರ ಬರೆದದ್ದು ಇನ್ನೂರಾ ಐವತ್ತಾರು ಬಣ್ಣದ ವಿಜಿಎ ತೆರೆಗೆ. ಶಾಲೆಯದು ನಾಲ್ಕೇ ಬಣ್ಣ ಬಲ್ಲ ಬಡ ಸಿಜಿಎ. ನೀಲಕಂಠವು ಅಚ್ಚ ಗುಲಾಬಿಯಾಯಿತು. ಸಹಸ್ರಾಕ್ಷ ಗರಿಗಳು ಒಂದಕ್ಕೊಂದು ಮೆತ್ತಿಕೊಂಡು ಮುದ್ದೆಯಾದವು.

ಅಂದಾನೆಪ್ಪನವರು ಕನ್ನಡಕ ಏರಿಸಿ ಬಗ್ಗಿದರು. “ಕೋಳಿ ಏನ್ರಿ ಇದು?”



“ಹೌದ್ರಿ ಧಣ್ಯಾರ,” ಎಂದರು ಸುಲೋಚನಾಬಾಯಿ, ರೆಪ್ಪೆ ಮಿಟುಕಿಸದೆ. “ಜವಾರಿ ಕೋಳಿ.”

“ಭಾಳ ಚಂದ ಬಂದೈತಿ ಬಿಡ್ರಿ. ಸೋಮವಾರದಿಂದ ಕ್ಲಾಸು ಚಾಲೂ ಮಾಡ್ರಿ.”

ಹೀಗೆ ಮಯೂರವಿಜಯಕ್ಕೆ ಹೊರಟ ಮಹಾರಥಿಯು ಕುಕ್ಕುಟಾಚಾರ್ಯನಾಗಿ ಪಟ್ಟವೇರಿ, ಧಣಿಗಳು ಮೆಟ್ಟಿಲಿಳಿದ ಕೂಡಲೇ ಅಕ್ಕಾರಿಗೆ ಚಹಾ ತರಲು ಓಡಿದನು.