ಕಾಕಾನ ಕಿಸೆಯಲ್ಲಿ ಭಾನುವಾರ

ನಮ್ಮ ಬನಹಟ್ಟಿಯಲ್ಲಿ ಮೈಮುರಿದು ದುಡಿಯುವವರಿಗೆ ಬರವಿಲ್ಲ. ಆದರೆ ಮೈಮುರಿದು ವಿಶ್ರಾಂತಿ ತೆಗೆದುಕೊಳ್ಳುವವನು ಇಡೀ ಊರಿಗೆ ಒಬ್ಬನೇ, ನನ್ನ ಕಾಕಾ! ಆರು ದಿನ ಮಗ್ಗದ ಮುಂದೆ ನಿಂತು ಬೆವರಿದ್ದಕ್ಕಿಂತ ಹೆಚ್ಚು ಅವನು ಭಾನುವಾರ ಸುಮ್ಮನೆ ಕೂತು ಬೆವರುತ್ತಿದ್ದ.

ಏಳನೆಯ ದಿನ ಕೈಕಟ್ಟಿ ಕೂಡಬೇಕೆಂಬುದು ದೇವರ ಆಜ್ಞೆಯಲ್ಲವೇ? ಓಣಿಯ ಮಗ್ಗಗಳಿಗೆಲ್ಲ ಸಂತೆಯ ದಿನ ರಜೆ, ಕಾಕಾನ ಮಗ್ಗಕ್ಕೆ ಮಾತ್ರ ಭಾನುವಾರ. ಸುತ್ತೆಲ್ಲ ಖಟಖಟ ಸದ್ದಿರುವಾಗ ಇವನ ಮನೆಯೊಂದು ಸತ್ತವರ ಮನೆಯಂತೆ ತಣ್ಣಗೆ. ರೊಟ್ಟಿ ಬಡಿಯುವಂತಿಲ್ಲ, ಶನಿವಾರದ ಒಣಗಿದ ಕಟಕ ರೊಟ್ಟಿಯೇ ಗತಿ. ಕಸ ಹೊಡೆಯುವಂತಿಲ್ಲ. ಒಮ್ಮೆ ನಾನು ಕಿತ್ತ ಚಪ್ಪಲಿಗೆ ಮೊಳೆ ಬಡಿಯಲು ಹೋಗಿ ಬೈಸಿಕೊಂಡೆ. ಅಂದು ಪಕ್ಕದ ರಬಕವಿಯ ನನ್ನ ಮನೆವರೆಗೂ ಬರಿಗಾಲಲ್ಲಿ ನಡೆದೆ. ವಿಶ್ರಾಂತಿಯ ದಿನ, ನೋಡಿ!

ಇಷ್ಟೆಲ್ಲ ಯಾಕೆಂದು ನಮಗೆ ಗೊತ್ತಿತ್ತು. ಕಾಕಾನ ಹೆಂಡತಿ, ನಮ್ಮ ಕಾಕುಗಾಗಿ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ, ನೂಲಿನ ಧೂಳು ಅವಳ ಎದೆಗೆ ಇಳಿದಿತ್ತು. ಕೆಮ್ಮು ನಿಲ್ಲುತ್ತಿರಲಿಲ್ಲ. ಡಾಕ್ಟರು ಮಲಗು ಎಂದರೆ, ಮಗ್ಗಕ್ಕೆ ಕಂಡಿಕೆ ನೀವು ಸುತ್ತುತ್ತೀರಾ ಎಂದು ಅವರನ್ನೇ ಕೇಳಿ ಬಂದವಳು. ಡಾಕ್ಟರ ಮಾತು ಕೇಳದವಳು ದೇವರ ಮಾತನ್ನಾದರೂ ಕೇಳಿಯಾಳು ಎಂದು ಕಾಕಾ ನಂಬಿದ್ದ. ಎಲ್ಲಿಯ ಮಾತು! ತನ್ನ ಕೆಮ್ಮಿನಿಂದ ಪ್ರಾರ್ಥನೆ ಕೆಡುತ್ತದೆ ಎಂದು ನೆಪ ಹೇಳಿ ಅವಳು ಮನೆಯಲ್ಲಿ ಉಳಿಯುವುದು, ಕಾಕಾ ಚರ್ಚಿಗೆ ಹೋಗಿದ್ದೇ ತಡ ಕಂಡಿಕೆ ಸುತ್ತುವ ರಾಟೆ ಹಿಡಿಯುವುದು.

ಕಾಕಾ ಕಡಿಮೆಯವನೇ? ರಾಟೆಯ ಕಬ್ಬಿಣದ ಹಿಡಿಕೆಯನ್ನೇ ಕಿತ್ತು ಕೋಟಿನ ಕಿಸೆಗಿಳಿಸಿ ಚರ್ಚಿಗೆ ಬರತೊಡಗಿದ. ಒಂದು ದಿನ ಎಲ್ಲರೂ ಮೊಣಕಾಲೂರಿ ಕಣ್ಣುಮುಚ್ಚಿದ್ದಾಗ ಅದು ಠಣ್ಣನೆ ನೆಲಕ್ಕೆ ಬಿತ್ತು. ಪಾಸ್ಟರು ಪ್ರಾರ್ಥನೆ ನಿಲ್ಲಿಸಿ ಏನದು ಎಂದರು.

"ನಾ ಇದನ್ನ ಇಲ್ಲಿಗೆ ತರಲಿಲ್ಲಂದ್ರ, ಅಲ್ಲಿ ಅಕಿ ತಿರುವತಾಳ್ರಿ" ಎಂದ ಕಾಕಾ.

ನಗು ತಡೆಯಲಾಗದೆ ಯಾರಿಗೂ ಆಮೆನ್ ಹೇಳಲಾಗಲಿಲ್ಲ.

ಭಾನುವಾರ ಅವನು ತನಗೆ ತಾನೇ ಕೊಟ್ಟುಕೊಂಡ ಕೆಲಸ ಒಂದೇ. ಮಧ್ಯಾಹ್ನ ಉಂಡ ಮೇಲೆ ಕಾಕುಗೆ ಕೌದಿ ಹಾಸುವುದು. ಅವಳೋ, ರೊಟ್ಟಿಯ ಒಂದು ಚೂರು ಬೆನ್ನಿಗೆ ತಾಗಿದರೂ ಎದ್ದು ಕೂಡುವವಳು.

"ಸೀರ್ಯಾಗ ಒಂದ ಎಳಿ ತಪ್ಪಿದ್ರ ದೂರಿಂದ ಕಾಣ್ತದ ನಿಮಗ. ಹಾಸಿಗ್ಯಾಗಿಂದು ಕಾಣೂದಿಲ್ಲೇನು?"

ಅವನು ಮತ್ತೆ ಬಗ್ಗಿ ಅಂಗೈಯಿಂದ ಕೌದಿ ಸವರುತ್ತಿದ್ದ. ಇದೂ ಕೆಲಸವೇ ಅಲ್ಲವೇ ಎಂದು ನಾನೊಮ್ಮೆ ಕೆಣಕಿದೆ.

"ಅಕಿ ಮಲಗೂತನಕ ನನ್ನ ರಜಾ ಸುರು ಆಗೂದಿಲ್ಲೋ" ಎಂದ.

ಈ ಮಳೆಗಾಲದ ಒಂದು ಶನಿವಾರ ಸಂಜೆ, ಕಂಡಿಕೆ ಸುತ್ತುತ್ತಿದ್ದಾಗಲೇ ಕಾಕುವಿನ ಕೆಮ್ಮು ನಿಂತಿತು. ಅವಳ ಉಸಿರೂ ನಿಂತಿತು. ಮರುದಿನ ಭಾನುವಾರ. ಗುಂಡಿ ತೋಡುವುದೂ ಕೆಲಸವೇ ಅಲ್ಲವೇ, ಸೋಮವಾರ ಮಾಡೋಣ ಎನ್ನುತ್ತಾನೇನೋ ಎಂದು ನಾವು ಅಂಜಿದ್ದೆವು. ಕಾಕಾ ಕೋಟು ತೊಟ್ಟು ಹೊರಟೇಬಿಟ್ಟ. ಸ್ಮಶಾನದವರೆಗೂ ನಮ್ಮ ಹಿಂದೆಯೇ ನಡೆದು ಬಂದ.

ಗುಂಡಿ ತೋಡಿ ಮುಗಿದ ಮೇಲೆ, ಪೆಟ್ಟಿಗೆ ಇಳಿಸುವ ಮೊದಲು, ಯಾರೂ ಹಿಡಿಯುವಷ್ಟರಲ್ಲಿ ಅವನು ಒಳಗಿಳಿದುಬಿಟ್ಟ. ಬಗ್ಗಿದಾಗ ಕೋಟಿನ ಕಿಸೆಯಿಂದ ರಾಟೆಯ ಹಿಡಿಕೆ ಬಿತ್ತು. ಅಂದು ಮುಂಜಾನೆಯೂ ಕಿತ್ತುಕೊಂಡೇ ಬಂದಿದ್ದ. ಈ ಸಲ ಯಾರೂ ನಗಲಿಲ್ಲ. ಅವನು ಅದನ್ನು ನೋಡಲೂ ಇಲ್ಲ. ಅಂಗೈಯಿಂದ ಹಸಿ ಮಣ್ಣು ಸವರುತ್ತ, ಕೈಗೆ ಸಿಕ್ಕ ಹರಳುಗಳನ್ನು ಒಂದೊಂದೇ ಆಯ್ದು ಮೇಲೆ ಇಡುತ್ತಿದ್ದ.

"ಮ್ಯಾಲ ಬಾ ಕಾಕಾ, ಸಾಕು" ಎಂದು ಕೈ ಚಾಚಿದೆ.

"ತಡಿಯೋ" ಎಂದ. "ಸಣ್ಣ ಹರಳ ಒತ್ತಿದ್ರೂ ಅಕಿಗೆ ನಿದ್ದಿ ಹತ್ತೂದಿಲ್ಲ."